ಹಳೇ ವಾಚು ಯಾರ ಕೈಗೆ ಕೊಡೋಣ?

ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಳೇ ಮನೆಗಳ ಅಲಮಾರಿಯಲ್ಲಿ ನಿಂತುಹೋದ ವಾಚುಗಳ ಒಂದು ಡಬ್ಬಿ ಇದ್ದೇ ಇರುತ್ತದೆ. ಮಾಸ್ತರಿಕೆಯಿಂದ ನಿವೃತ್ತರಾದ ದಿನ ಶಾಲೆಯವರು ಕೊಟ್ಟ ಎಚ್‌ಎಂಟಿ, ಮದುವೆಯಲ್ಲಿ ಅಳಿಯನ ಕೈಗೆ ಕಟ್ಟಿದ ಕಾಂಚನ್, ಸೌದಿಯಿಂದ ಕಾಕಾ ತಂದ ಸೀಕೊ 5, ನಿಜಾಮರ ಕಾಲದಲ್ಲಿ ಗಿರ್ದಾವರ್ ಆಗಿದ್ದ ಮುತ್ಯಾನ ವೆಸ್ಟ್ ಎಂಡ್. ವರ್ಷಗಟ್ಟಲೆ ಯಾರೂ ಮುಟ್ಟದ ಈ ಡಬ್ಬಿಯನ್ನು ಈಗ ಪುಣೆಗೋ ಬೆಂಗಳೂರಿಗೋ ಕೆಲಸಕ್ಕೆ ಹೋದ ಮೊಮ್ಮಕ್ಕಳು ದೀಪಾವಳಿಗೆ ಬಂದಾಗ ಬಿಚ್ಚುತ್ತಿದ್ದಾರೆ. ಹೊಸದಾಗಿ ಸ್ಮಾರ್ಟ್‌ವಾಚ್ ಕೊಳ್ಳುವ ವಯಸ್ಸಿನ ಹುಡುಗರಿಗೆ ಚಾವಿ ಕೊಟ್ಟು ಓಡಿಸುವ ವಾಚಿನ ಮೇಲೆ ಪ್ರೀತಿ ಹುಟ್ಟಿದೆ.

ಪ್ರೀತಿ ಹುಟ್ಟಿದ ಮರುಕ್ಷಣವೇ ಪ್ರಶ್ನೆಯೂ ಹುಟ್ಟುತ್ತದೆ: ಇದನ್ನು ಯಾರ ಕೈಗೆ ಕೊಡುವುದು? ಕೊಟ್ಟದ್ದು ಕೊಟ್ಟಂತೆಯೇ ಮರಳಿ ಬರುತ್ತದೆಯೇ? ಮುತ್ಯಾನ ವಾಚು ಬಾಜಾರದ ಬೆಲೆಗೆ ದೊಡ್ಡದಲ್ಲದಿರಬಹುದು. ಆದರೆ ಒಳಗಿನ ಒಂದು ಭಾಗ ಬದಲಾಗಿ ಬಂದರೆ, ಡಯಲ್‌ಗೆ ಹೊಸ ಬಣ್ಣ ಬಿದ್ದರೆ ಮತ್ತೊಂದು ವಾಚು ಕೊಂಡು ಆ ನಷ್ಟ ತುಂಬಲು ಆಗುವುದಿಲ್ಲ.

ಡಬ್ಬಿಯೊಳಗೆ ಬಂದದ್ದು ಹೇಗೆ

ಈ ಸೀಮೆಯ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಮೂರು ಕಾಲದ ವಾಚುಗಳು ಸಿಗುತ್ತವೆ. ಮೊದಲನೆಯದು ಹೈದರಾಬಾದ್ ಸಂಸ್ಥಾನದ ಕಾಲ. 1948ರ ಸೆಪ್ಟೆಂಬರ್‌ವರೆಗೆ ಬೀದರ್ ಜಿಲ್ಲೆ ನಿಜಾಮರ ಆಡಳಿತದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಕಚೇರಿ, ಆಸ್ಪತ್ರೆ, ಬಾಜಾರ ಎಲ್ಲದಕ್ಕೂ ಜನ ಹೈದರಾಬಾದಿಗೇ ಹೋಗುತ್ತಿದ್ದರು. ವೆಸ್ಟ್ ಎಂಡ್, ಫಾವ್ರ್ ಲೂಬಾ, ರೋಮರ್‌ನಂಥ ಸ್ವಿಸ್ ವಾಚುಗಳು ಈ ದಾರಿಯಲ್ಲಿ, ಇಲ್ಲವೇ ಮುಂಬಯಿ–ಸೊಲ್ಲಾಪುರದ ದಾರಿಯಲ್ಲಿ, ಇಲ್ಲಿನ ಜಮೀನ್ದಾರರ, ಅಧಿಕಾರಿಗಳ ಕೈಗೆ ಬಂದವು.

ಎರಡನೆಯದು ಎಚ್‌ಎಂಟಿ ಕಾಲ. ಯಂತ್ರ ತಯಾರಿಕೆಗೆಂದು 1953ರಲ್ಲಿ ಹುಟ್ಟಿದ ಹಿಂದೂಸ್ತಾನ್ ಮಷೀನ್ ಟೂಲ್ಸ್, ಜಪಾನಿನ ಸಿಟಿಜನ್ ಕಂಪನಿಯ ಜೊತೆ ಕೈಜೋಡಿಸಿ 1961ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ವಾಚ್ ತಯಾರಿಕೆಗೆ ಇಳಿಯಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದ್ದು ನೆಹರೂ. ಶ್ರೀನಗರ, ತುಮಕೂರು, ರಾಣಿಬಾಗ್‌ಗಳಲ್ಲೂ ಕಾರ್ಖಾನೆಗಳು ಎದ್ದವು. ಜನತಾ, ಪೈಲಟ್, ಜವಾನ್, ಸೋನಾ, ಕೋಹಿನೂರ್, ಕಾಂಚನ್ ಎಂಬ ಹೆಸರುಗಳು ಹಳ್ಳಿ ಹಳ್ಳಿಯಲ್ಲಿ ಪರಿಚಯವಾದವು. ಸರ್ಕಾರಿ ನೌಕರಿ ಸಿಕ್ಕ ಹುಡುಗ ಮೊದಲ ಪಗಾರದಲ್ಲಿ ಜನತಾ ಕೊಳ್ಳುತ್ತಿದ್ದ; ಕೊಳ್ಳಲಾಗದವನಿಗೆ ಮಾವನ ಮನೆಯಿಂದ ಬರುತ್ತಿತ್ತು. 1984ರಲ್ಲಿ ಸ್ಥಾಪನೆಯಾಗಿ ಹೊಸೂರಿನಿಂದ ಸೆಲ್ ಹಾಕಿದ ಕ್ವಾರ್ಟ್ಜ್ ವಾಚುಗಳನ್ನು ತಂದ ಟೈಟನ್ ಎದುರು ಎಚ್‌ಎಂಟಿ ಸೋಲುತ್ತ ಬಂತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು.

ಮೂರನೆಯದು ಗಲ್ಫ್ ಕಾಲ. ದುಡಿಯಲು ಹೋದವರು ತಂದ ಸೀಕೊ 5, ಸಿಟಿಜನ್, ರಿಕೊ. ಇವುಗಳ ವಾರದ ಕಿಟಕಿಯಲ್ಲಿ ಇಂಗ್ಲಿಷಿನ ಜೊತೆ ಅರಬ್ಬಿಯೂ ತಿರುಗುತ್ತದೆ.

ಈ ಮೂರಕ್ಕೂ ರಿಪೇರಿಯವರು ಒಬ್ಬರೇ ಇರಬೇಕಾಗಿಲ್ಲ. ಜನತಾವನ್ನು ಕಣ್ಣು ಮುಚ್ಚಿ ಜೋಡಿಸುವವರಿಗೆ ಸ್ವಿಸ್ ವಾಚಿನ ಪಾರ್ಟ್ಸ್ ಸಿಗದೇ ಹೋಗಬಹುದು. ನಂಬಿಕೆಯ ರಿಪೇರಿಯವರನ್ನು ಹುಡುಕುವ ಮೊದಲು ನಮ್ಮ ಕೈಯಲ್ಲಿರುವುದು ಯಾವ ವಾಚು ಎಂದು ತಿಳಿದಿರಬೇಕು. ಅರ್ಧ ಜಗಳ ಅಲ್ಲೇ ತಪ್ಪುತ್ತದೆ. ಗಲ್ಫಿನಿಂದ ಬಂದ ಹಳೆಯ ಸೀಕೊ 5ಗಳಲ್ಲಿ ಬಹುಪಾಲಿಗೆ ಚಾವಿ ಕೊಡುವ ವ್ಯವಸ್ಥೆಯೇ ಇಲ್ಲ. ಕೈ ಆಡಿಸಿದಾಗ ಒಳಗಿನ ತೂಕ ತಿರುಗಿ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಅದು ಗೊತ್ತಿಲ್ಲದೆ ‘ಚಾವಿ ಹತ್ತವಲ್ದು, ಮಶೀನ್ ಹೋಗ್ಯಾದ’ ಎಂದು ಎಷ್ಟೋ ಒಳ್ಳೆಯ ವಾಚುಗಳನ್ನು ಮೂಲೆಗೆ ಎಸೆದಿದ್ದಾರೆ.

ಕದಿಯುವುದು ಹರಳನ್ನಲ್ಲ

‘ವಾಚ್ ಬಿಚ್ಚಾಕ ಕೊಟ್ರ ಒಳಗಿನ ಹರಳು ತಕ್ಕೋತಾರ’ ಎಂಬ ಮಾತು ಈ ಕಡೆ ಬಹಳ ಹಳೆಯದು. ಡಯಲ್ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುವುದೇ ಈ ಸಂಶಯಕ್ಕೆ ಮೂಲ. ಹದಿನೇಳು ಮಾಣಿಕ್ಯ ಒಳಗಿವೆ ಎಂದರೆ ಯಾರಿಗಾದರೂ ಆಸೆ ಹುಟ್ಟದೆ ಇದ್ದೀತೇ?

ಆ ಹರಳುಗಳು ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆಗಸ್ಟ್ ವೆರ್ನೊಯ್ ಉರಿಯಲ್ಲಿ ಪುಡಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದ. ಅಂದಿನಿಂದ ವಾಚಿನ ಹರಳು ಅಗ್ಗದ ಸಾಮಾನು. ಚಕ್ರಗಳ ಸೂಜಿಯಂಥ ತುದಿಗಳು ಸವೆಯದೆ ತಿರುಗಲೆಂದು ಆ ಗಟ್ಟಿ ಹರಳಿನಲ್ಲಿ ತೂತು ಕೊರೆದು ಕೂರಿಸುತ್ತಾರೆ. ಕಿತ್ತು ಮಾರಿದರೆ ಒಂದು ಚಹಾದ ದುಡ್ಡೂ ಹುಟ್ಟದು.

ಹರಳಿನ ಚಿಂತೆಯಲ್ಲಿ ನಾವು ನೋಡಬೇಕಾದ್ದನ್ನು ನೋಡುವುದಿಲ್ಲ. ಹಳೇ ವಾಚಿನಲ್ಲಿ ನಿಜಕ್ಕೂ ಬೆಲೆ ಬಾಳುವುದು ಕಂಪನಿಯ ಮೂಲ ಡಯಲ್, ಮೂಲ ಮುಳ್ಳುಗಳು, ಕಂಪನಿ ಗುರುತಿರುವ ಚಾವಿಗುಬ್ಬಿ ಮತ್ತು ಸವೆಯದ ಬ್ಯಾಲೆನ್ಸ್ ಚಕ್ರ. ಹೊಸ ಕಂಪನಿ ಪಾರ್ಟ್ಸ್ ಬರುವುದು ನಿಂತ ಮೇಲೆ ಒಂದು ವಾಚನ್ನು ಬದುಕಿಸಲು ಇನ್ನೊಂದು ವಾಚನ್ನು ಬಿಚ್ಚುವುದೊಂದೇ ದಾರಿ ಉಳಿದಿದೆ. ಪ್ರತಿ ರಿಪೇರಿಯವರ ಹತ್ತಿರವೂ ಬಿಚ್ಚಿದ ಮಶೀನುಗಳ ಡಬ್ಬಿ ಇರುತ್ತದೆ. ಅದು ತಪ್ಪಲ್ಲ, ಅದಿಲ್ಲದೆ ಇಂದು ಜನತಾ ಓಡುವುದಿಲ್ಲ. ನಿಮ್ಮ ವಾಚಿನ ಒಳ್ಳೆಯ ಬ್ಯಾಲೆನ್ಸ್ ಆ ಡಬ್ಬಿಗೆ ಹೋಗಿ, ಡಬ್ಬಿಯ ಸವೆದ ಬ್ಯಾಲೆನ್ಸ್ ನಿಮ್ಮ ವಾಚಿಗೆ ಬಂದರೆ ಅದು ತಪ್ಪು. ಹಾಗೆ ಆದದ್ದು ಗಿರಾಕಿಗೆ ಎಂದೂ ಗೊತ್ತಾಗುವುದಿಲ್ಲ, ಯಾಕೆಂದರೆ ವಾಚು ಓಡುತ್ತಲೇ ಇರುತ್ತದೆ.

ಮಾರಾಟದಲ್ಲಿ ಇದೇ ಮೋಸದ ಇನ್ನೊಂದು ರೂಪ ಇದೆ. ಹಳೇ ಮಶೀನುಗಳಿಗೆ ಹೊಸದಾಗಿ ಬಣ್ಣ ಬಳಿದ ಡಯಲ್ ಹಾಕಿ, ಫಾವ್ರ್ ಲೂಬಾ ಎಂದೋ ಎಚ್‌ಎಂಟಿ ಎಂದೋ ಮೇಲೆ ಅಚ್ಚು ಒತ್ತಿ ಆನ್‌ಲೈನಿನಲ್ಲಿ ಮಾರುತ್ತಾರೆ. ಸಂಗ್ರಹಕಾರರು ಇಂಥವನ್ನು ‘ಮುಂಬಯಿ ಸ್ಪೆಷಲ್’ ಎನ್ನುತ್ತಾರೆ. ಕಂಪನಿ ಎಂದೂ ಮಾಡದ ಕಡು ಕಿತ್ತಳೆ, ಕಡು ನೀಲಿ ಡಯಲ್, ಸೊಟ್ಟ ಅಕ್ಷರ, ಡಯಲ್‌ಗೆ ಹೊಂದದ ಮುಳ್ಳು ಇವುಗಳ ಗುರುತು. ನಮ್ಮ ಮನೆಯ ವಾಚಿನ ಡಯಲ್ ಹಳದಿಗಟ್ಟಿ ಮಾಸಿದ್ದರೂ ಅದು ನಿಜದ್ದು. ‘ಡಯಲ್ ಹೊಸಾದು ಮಾಡಿಕೊಡ್ತೀನ್ರಿ’ ಎಂದು ಯಾರಾದರೂ ಉತ್ಸಾಹ ತೋರಿದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

ಪೆಟ್ರೋಲ್ ವಾಶ್ ಮತ್ತು ಸರ್ವಿಸ್

ಜನತಾ, ಪೈಲಟ್ ವಾಚುಗಳೊಳಗಿನ 0231 ಮಶೀನು ತಾಸಿಗೆ 18,000 ಸಲ ಬಡಿಯುತ್ತದೆ. ಸೆಕೆಂಡಿಗೆ ಐದು, ದಿನಕ್ಕೆ 4.32 ಲಕ್ಷ, ವರ್ಷಕ್ಕೆ ಸುಮಾರು 15.8 ಕೋಟಿ. ಅಷ್ಟು ಬಡಿತವನ್ನು ತಡೆಯುವುದು ಒಂದೊಂದು ತೂತಿನಲ್ಲಿ ಕಣ್ಣಿಗೆ ಕಾಣದಷ್ಟು ಇರುವ ಎಣ್ಣೆ. ಕೆಲವು ವರ್ಷಗಳಲ್ಲಿ ಆ ಎಣ್ಣೆ ಕುಸುಬೆ ಎಣ್ಣೆ ಡಬ್ಬಿಯ ಬಾಯಿಗೆ ಕಟ್ಟುವ ಅಂಟಿನಂತೆ ಗಟ್ಟಿಯಾಗುತ್ತದೆ. ಅಲಮಾರಿಯಲ್ಲಿ ಇಪ್ಪತ್ತು ವರ್ಷ ಮಲಗಿದ ವಾಚು ನಿಲ್ಲುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಮುರಿದದ್ದು ಏನೂ ಇರುವುದಿಲ್ಲ.

ಇಲ್ಲಿ ಎರಡು ದಾರಿ ಇವೆ. ಸುಲಭದ ದಾರಿಯಲ್ಲಿ ಹಿಂಬದಿ ತೆಗೆದು, ಇಡೀ ಮಶೀನನ್ನು ಪೆಟ್ರೋಲಿನಲ್ಲಿ ಅದ್ದಿ, ಊದಿ, ಒಂದು ಹನಿ ಎಣ್ಣೆ ಬಿಟ್ಟು ಮುಚ್ಚುತ್ತಾರೆ. ಚಹಾ ಕುಡಿಯುವಷ್ಟರಲ್ಲಿ ವಾಚು ಟಿಕ್ ಟಿಕ್ ಅನ್ನುತ್ತದೆ, ಗಿರಾಕಿ ಖುಷಿಯಾಗಿ ಹೋಗುತ್ತಾನೆ. ಒಳಗೆ ಆದದ್ದು ಬೇರೆ. ಅಂಟು ಕರಗಿ ಎಲ್ಲ ಕಡೆ ಹರಡಿದೆ. ಸ್ಪ್ರಿಂಗ್ ಇರುವ ಡ್ರಮ್ಮು ತೆರೆದೇ ಇಲ್ಲ. ತೂತುಗಳಲ್ಲಿ ಎಣ್ಣೆ ಇಲ್ಲ. ಒಣ ಲೋಹ ಒಣ ಹರಳಿನ ಮೇಲೆ ತಿರುಗುತ್ತ ತುದಿ ಸವೆಯುತ್ತದೆ. ಸ್ವಲ್ಪ ದಿನದಲ್ಲಿ ವಾಚು ಮತ್ತೆ ನಿಲ್ಲುತ್ತದೆ, ಈ ಸಲ ನಿಜವಾಗಿ ಕೆಟ್ಟು.

ಇನ್ನೊಂದು ದಾರಿ ನಿಜವಾದ ಸರ್ವಿಸ್. ಪ್ರತಿ ಭಾಗವನ್ನೂ ಬಿಚ್ಚಿ ಬೇರೆ ಬೇರೆ ತೊಳೆಯಬೇಕು. ಚಕ್ರದ ತುದಿಗಳನ್ನು ಭೂತಗನ್ನಡಿಯಲ್ಲಿ ನೋಡಬೇಕು. ಸ್ಪ್ರಿಂಗ್ ಸೋತಿದ್ದರೆ ಬದಲಿಸಬೇಕು. ನಿಧಾನ ತಿರುಗುವ ಭಾಗಕ್ಕೆ ಗಟ್ಟಿ ಎಣ್ಣೆ, ವೇಗದ ಭಾಗಕ್ಕೆ ತೆಳ್ಳನೆಯದು, ಕೂದಲಿನಂಥ ಹೇರ್‌ಸ್ಪ್ರಿಂಗ್‌ಗೆ ಎಣ್ಣೆಯ ಸೋಂಕೂ ತಾಗಬಾರದು. ಜೋಡಿಸಿದ ಮೇಲೆ ಡಯಲ್ ಮೇಲಾಗಿ, ಕೆಳಗಾಗಿ, ನಿಲ್ಲಿಸಿ, ಹೀಗೆ ಬೇರೆ ಬೇರೆ ಭಂಗಿಯಲ್ಲಿಟ್ಟು ಕೆಲವು ದಿನ ನೋಡಬೇಕು. ದೊಡ್ಡ ಊರಿನವರು ಟೈಮ್‌ಗ್ರಾಫರ್ ಎಂಬ ಯಂತ್ರದ ಮೇಲಿಟ್ಟು ಬಡಿತವನ್ನು ಕೇಳಿಸಿ ಅಳೆಯುತ್ತಾರೆ. ಸಣ್ಣ ಊರಿನಲ್ಲಿ ಮೊಬೈಲಿನ ಸಮಯದ ಜೊತೆ ರಾತ್ರಿಯಿಡೀ ಹೋಲಿಸಿ ಸರಿಪಡಿಸುವವರೂ ಇದ್ದಾರೆ, ಅದೂ ಒಪ್ಪುವಂಥದ್ದೇ. ಹಳೇ ವಾಚು ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಹೋದರೆ ಅದರ ತಪ್ಪು ಹತ್ತು ಸಾವಿರ ಸೆಕೆಂಡಿಗೆ ಮೂರೂವರೆ ಸೆಕೆಂಡ್ ಮಾತ್ರ.

ಹಾಗಾಗಿ ‘ಈಗ ಕೂಡ್ರಿ, ಹತ್ತು ನಿಮಿಷದಾಗ ಕೊಡ್ತೀನಿ’ ಎನ್ನುವವರಿಗಿಂತ ‘ಎಂಟು ದಿನ ಬಿಟ್ಟು ಬರ್ರಿ’ ಎನ್ನುವವರ ಮಾತಿಗೆ ಕಿವಿ ಕೊಡಬೇಕು. ಬೇಗ ಬೇಕೆಂಬ ನಮ್ಮ ಗಡಿಬಿಡಿಯೇ ಪೆಟ್ರೋಲ್ ವಾಶ್ ಅನ್ನು ಸಾಕಿ ಬೆಳೆಸಿದೆ.

ಊರಲ್ಲಿ ಆಗುವುದು, ಊರಾಚೆ ಹೋಗುವುದು

ಬಸವಕಲ್ಯಾಣ, ಹುಮನಾಬಾದಿನಂಥ ತಾಲ್ಲೂಕು ಊರುಗಳಲ್ಲಿ ವಾಚ್ ರಿಪೇರಿ ಎಂದರೆ ಹೆಚ್ಚಾಗಿ ಸೆಲ್ ಹಾಕುವುದು, ಬೆಲ್ಟ್ ಬದಲಿಸುವುದು, ಗೋಡೆ ಗಡಿಯಾರಕ್ಕೆ ಹೊಸ ಮಶೀನು ಕೂರಿಸುವುದು. ಅಂಗಡಿ ನಡೆಯುವುದು ಅದರಿಂದಲೇ. ಕಣ್ಣಿಗೆ ಕನ್ನಡಿ ಸಿಕ್ಕಿಸಿಕೊಂಡು ಚಾವಿ ವಾಚನ್ನು ಬಿಚ್ಚುವ ವಿದ್ಯೆ ಅಪ್ಪನಿಂದಲೋ ಉಸ್ತಾದರಿಂದಲೋ ಕಲಿತ ಹಿರಿಯರ ಕೈಯಲ್ಲಿ ಉಳಿದಿದೆ. ಅಂಥ ಚಾಚಾ ಒಬ್ಬರೋ ಕಾಕಾ ಒಬ್ಬರೋ ಸಿಕ್ಕರೆ ಎಚ್‌ಎಂಟಿಯ ಸಾಮಾನ್ಯ ಸರ್ವಿಸ್, ಗ್ಲಾಸು, ಚಾವಿಗುಬ್ಬಿ, ಸ್ಪ್ರಿಂಗ್ ಬದಲಾವಣೆ ಊರಲ್ಲೇ ಚೆನ್ನಾಗಿ ಆಗುತ್ತದೆ. ಎಚ್‌ಎಂಟಿ ಒಟ್ಟು ಹತ್ತು ಕೋಟಿಗೂ ಹೆಚ್ಚು ವಾಚು ಮಾಡಿದ್ದರಿಂದ ಬಿಚ್ಚಿದ ಪಾರ್ಟ್ಸ್‌ಗೆ ಇನ್ನೂ ಬರ ಬಂದಿಲ್ಲ.

ಮುರಿದ ಬ್ಯಾಲೆನ್ಸ್ ಸ್ಟಾಫ್, ಸೊಟ್ಟಗಾದ ಹೇರ್‌ಸ್ಪ್ರಿಂಗ್, ಅಪರೂಪದ ಸ್ವಿಸ್ ಮಶೀನು, ಸ್ಟಾಪ್‌ವಾಚ್ ಇರುವ ಕ್ರೋನೊಗ್ರಾಫ್ ಬಂದಾಗ ವಾಚು ಊರು ಬಿಡಬೇಕಾಗುತ್ತದೆ. ಹುಮನಾಬಾದ್ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲೇ ಇದೆ. ಬಸವಕಲ್ಯಾಣದವರು ಸಸ್ತಾಪುರ ಬಂಗ್ಲಾಕ್ಕೆ ಬಂದರೆ ಅದೇ ರಸ್ತೆ. ಪೂರ್ವಕ್ಕೆ ಹೈದರಾಬಾದ್, ಪಶ್ಚಿಮಕ್ಕೆ ಸೊಲ್ಲಾಪುರ. ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ಪೂರ್ತಿಯಾದ ಮೇಲೆ ಕಲಬುರಗಿಯೂ ಹುಮನಾಬಾದಿಗೆ ಹತ್ತಿರವಾಗಿದೆ.

ಊರಿನ ರಿಪೇರಿಯವರು ಕಷ್ಟದ ವಾಚನ್ನು ಪಟ್ಟಣದ ಪರಿಚಯದವರಿಗೆ ಕಳಿಸುವುದು ಹಳೆಯ ಪದ್ಧತಿ. ಕಳಿಸಿದರು ಎಂಬ ಕಾರಣಕ್ಕೆ ಅವರನ್ನು ಸಂಶಯಿಸಬೇಕಿಲ್ಲ. ನಮಗೆ ಬೇಕಾದದ್ದು ಒಂದೇ: ವಾಚು ಎಷ್ಟು ಕೈ ದಾಟುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. ‘ಇದು ಹೈದರಾಬಾದಿಗೆ ಹೋಗಬೇಕ್ರಿ, ಅಲ್ಲಿ ಇಂಥವರು ಮಾಡ್ತಾರ, ಇಷ್ಟು ದಿನ ಹಿಡಿತದ’ ಎಂದು ಬಾಯಿಬಿಟ್ಟು ಹೇಳುವವರು ನಂಬಿಕೆಗೆ ಯೋಗ್ಯರು. ತಾವೇ ಮಾಡಿದಂತೆ ತೋರಿಸಿ ಮೂರನೆಯವರ ಕೈಗೆ ಕೊಟ್ಟರೆ, ಹೆಚ್ಚುಕಡಿಮೆ ಆದಾಗ ಹೊಣೆ ಯಾರದೆಂದು ಹುಡುಕುತ್ತ ನಾವು ಅಲೆಯಬೇಕಾಗುತ್ತದೆ.

ಕೊಡುವ ಮೊದಲು

ಬೀದರಿನ ಬಿದ್ರಿ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಬಿದ್ರಿ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ವಾಚ್ ರಿಪೇರಿಯವರಿಗೆ ಇಂಥ ಗುರುತೂ ಇಲ್ಲ, ಗೋಡೆಗೆ ತೂಗುಹಾಕುವ ಪ್ರಶಸ್ತಿಯೂ ಇಲ್ಲ. ಯೋಗ್ಯರು ಯಾರೆಂದು ಗಿರಾಕಿಯೇ ಕಂಡುಕೊಳ್ಳಬೇಕು. ಅದಕ್ಕೆ ಕೆಲವು ಸರಳ ಉಪಾಯಗಳಿವೆ.

ಮೊದಲು ಕಡಿಮೆ ಬೆಲೆಯ, ಮನಸ್ಸಿಗೆ ಅಷ್ಟು ಅಂಟಿಕೊಳ್ಳದ ಒಂದು ವಾಚನ್ನು ಕೊಟ್ಟು ನೋಡಿ. ಮುತ್ಯಾನ ವಾಚು ಎರಡನೆಯದಾಗಲಿ.

ನಿಮ್ಮ ಎದುರೇ ಹಿಂಬದಿ ತೆಗೆಸಿ, ಮಶೀನಿನ ಫೋಟೊ ತೆಗೆದುಕೊಳ್ಳಿ. ಅದರ ಮೇಲೆ ಕೊರೆದ ಸಂಖ್ಯೆ, ಡಯಲ್, ಮುಳ್ಳು, ಕೇಸಿನ ಒಳಗಿನ ಗುರುತು ಎಲ್ಲ ಫೋಟೊದಲ್ಲಿ ಇರಲಿ. ಪ್ರಾಮಾಣಿಕರು ಇದಕ್ಕೆ ಸಿಟ್ಟಾಗುವುದಿಲ್ಲ. ನಾಳೆ ಗಿರಾಕಿ ಸುಳ್ಳು ಆರೋಪ ಹೊರಿಸಿದರೆ ಅದೇ ಫೋಟೊ ಅವರನ್ನೂ ಕಾಯುತ್ತದೆ.

ಅವರು ತೆರೆಯುವ ಬಗೆಯನ್ನು ಗಮನಿಸಿ. ಚಾಕುವಿನಿಂದ ಮೀಟುತ್ತಾರೋ, ಸರಿಯಾದ ಹತಾರ ಇದೆಯೋ? ಮಶೀನನ್ನು ಬರಿಗೈಯಲ್ಲಿ ಮುಟ್ಟುತ್ತಾರೋ, ಚಿಮಟ ಬಳಸುತ್ತಾರೋ? ಬಿಚ್ಚಿದ ಸ್ಕ್ರೂ ಮೇಜಿನ ಮೇಲೆ ಬೀಳುತ್ತದೋ, ಮುಚ್ಚಳ ಇರುವ ತಟ್ಟೆಗೆ ಹೋಗುತ್ತದೋ? ಈ ಸೀಮೆಯ ಬೇಸಿಗೆಯಲ್ಲಿ ಧೂಳು ಏಳದ ಗಳಿಗೆ ಕಡಿಮೆ. ಬಾಗಿಲಿಗೆ ಮುಖ ಮಾಡಿದ ಮೇಜಿನ ಮೇಲೆ ಬಿಚ್ಚಿದ ಮಶೀನನ್ನು ಮುಚ್ಚದೆ ಬಿಟ್ಟು ಫೋನಿನಲ್ಲಿ ಮಾತಿಗೆ ಕುಳಿತರೆ ಬೇರೆ ಪರೀಕ್ಷೆ ಬೇಕಿಲ್ಲ.

ಪಾಲಿಶ್ ಬೇಡ ಎಂದು ಬಾಯಿಬಿಟ್ಟು ಹೇಳಿ. ಹಳೇ ಎಚ್‌ಎಂಟಿಗಳಲ್ಲಿ ಹಲವಕ್ಕೆ ಹಿತ್ತಾಳೆಯ ಕೇಸಿನ ಮೇಲೆ ಕ್ರೋಮಿಯಂ ಲೇಪ ಮಾತ್ರ ಇರುತ್ತದೆ. ಉಜ್ಜಿದರೆ ಲೇಪ ಹೋಗಿ ಹಳದಿ ಹಿತ್ತಾಳೆ ಇಣುಕುತ್ತದೆ.

ಕತ್ತಲಲ್ಲಿ ಹೊಳೆಯಲೆಂದು ಅಂಕಿಗಳಿಗೆ ಬಣ್ಣ ಹಚ್ಚಿದ, 1960ರ ದಶಕಕ್ಕೂ ಹಿಂದಿನ ವಾಚಾಗಿದ್ದರೆ ಆ ಬಣ್ಣದಲ್ಲಿ ರೇಡಿಯಂ ಇರಬಹುದು. ಹೊಳಪು ಎಂದೋ ಸತ್ತಿರುತ್ತದೆ. ಆದರೆ ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ. ವಿಕಿರಣ ಹಾಗೇ ಇರುತ್ತದೆ. ಮನೆಯಲ್ಲಿ ಬಿಚ್ಚಬೇಡಿ, ಆ ಬಣ್ಣ ಕೆರೆಯಲು ಯಾರಿಗೂ ಹೇಳಬೇಡಿ. ಆ ಪುಡಿ ಉಸಿರಿನಲ್ಲಿ ಒಳಹೋಗುವುದು ಅಪಾಯ. ಇದು ಗೊತ್ತಿದ್ದು ನಿಮಗೆ ಮೊದಲೇ ಎಚ್ಚರಿಸುವ ರಿಪೇರಿಯವರು ಓದಿಕೊಂಡವರು ಎಂದು ತಿಳಿಯಿರಿ.

ಏನು ಮಾಡುತ್ತಾರೆ, ಎಷ್ಟು ಹಣ, ಎಷ್ಟು ದಿನ, ಮತ್ತೆ ನಿಂತರೆ ಎಷ್ಟು ತಿಂಗಳವರೆಗೆ ನೋಡಿಕೊಡುತ್ತಾರೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ‘ತೆಗೆದ ಹಳೇ ಪಾರ್ಟ್ಸ್ ನನಗ ವಾಪಸ್ ಬೇಕ್ರಿ’ ಎಂದು ಮೊದಲೇ ಹೇಳಿ.

ಮರಳಿಸುವವರು

ಈ ಕೊನೆಯ ಮಾತಿನಲ್ಲೇ ಇಡೀ ಪರೀಕ್ಷೆ ಅಡಗಿದೆ. ಬಸವಕಲ್ಯಾಣದ ಜನಕ್ಕೆ ಆಯ್ದಕ್ಕಿ ಲಕ್ಕಮ್ಮನ ಕಥೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಿದ್ದ ಅಕ್ಕಿ ಆಯ್ದು ತರುವ ಕಾಯಕದ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಸಲ್ಲದ್ದು ಎಂದು ಆಕೆ ಅದನ್ನು ವಾಪಸ್ಸು ಕಳಿಸಿದಳು. ಆ ಕಥೆಯಲ್ಲಿ ದುಡಿಮೆಗಿಂತ ದೊಡ್ಡದು ಹೆಚ್ಚಾದದ್ದನ್ನು ಮರಳಿಸುವ ನಡೆ. ಯಾರೂ ಲೆಕ್ಕ ಕೇಳದ ಕಡೆಯಲ್ಲಿ ಆಕೆ ಲೆಕ್ಕ ಒಪ್ಪಿಸಿದಳು.

ವಾಚ್ ರಿಪೇರಿಯೂ ಯಾರೂ ಲೆಕ್ಕ ಕೇಳಲಾಗದ ಕೆಲಸ. ಮುಚ್ಚಿದ ಹಿಂಬದಿಯ ಒಳಗೆ ಏನಾಯಿತೆಂದು ನೋಡುವ ಕಣ್ಣು ಗಿರಾಕಿಗಿಲ್ಲ. ಹೊಸ ಸ್ಪ್ರಿಂಗ್ ಹಾಕಿ, ತುಂಡಾದ ಹಳೆಯದನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೈಗಿಡುವವರು ಆ ಕಣ್ಣನ್ನು ನಮಗೆ ಕೊಡುತ್ತಾರೆ. ಕೆಲಸವನ್ನೇ ಮರಳಿಸುವವರು ಇನ್ನೂ ಒಂದು ಹೆಜ್ಜೆ ಮುಂದೆ. ‘ಮಶೀನ್ ಚಲೋ ಅದರೀ, ಬರೀ ಆಯಿಲಿಂಗ್ ಸಾಕು’ ಎಂದು ದೊಡ್ಡ ಬಿಲ್ಲನ್ನು ಸಣ್ಣದು ಮಾಡುವವರು, ‘ಇದು ನನ್ನ ಕೈಲಿ ಆಗಂಗಿಲ್ರಿ, ಕೆಡಿಸೋದು ಬ್ಯಾಡ’ ಎಂದು ವಾಚನ್ನು ಮುಚ್ಚಿ ವಾಪಸ್ಸು ಕೊಡುವವರು ಇಂಥವರು.

ಆದರೆ ಇಂಥವರ ಮೇಜಿನ ಡ್ರಾಯರ್ ತೆಗೆದು ನೋಡಿದರೆ ನಮ್ಮ ಬಗ್ಗೆ ನಮಗೇ ಸಂಕೋಚವಾದೀತು. ಗಿರಾಕಿಗಳು ಕೊಟ್ಟು ಹೋಗಿ ಮರಳಿ ಬಾರದ ವಾಚುಗಳು ಎಲ್ಲ ರಿಪೇರಿಯವರ ಹತ್ತಿರವೂ ಇರುತ್ತವೆ. ಅವುಗಳಿಗೆ ಸ್ವಂತ ದುಡ್ಡಿನಿಂದ ಪಾರ್ಟ್ಸ್ ಹಾಕಿ, ವರ್ಷಗಟ್ಟಲೆ ಕಾದು, ಮಾರಲೂ ಆಗದೆ ಎಸೆಯಲೂ ಆಗದೆ ಕುಳಿತಿರುತ್ತಾರೆ. ಎಂಟು ದಿನದ ಕೆಲಸಕ್ಕೆ ಸೆಲ್ ಹಾಕಿದ ಕೂಲಿ ಕೊಡಲು ಚೌಕಾಸಿ ಮಾಡುವವರು ನಾವೇ. ಅವರ ಮಗ ಈ ವಿದ್ಯೆ ಬಿಟ್ಟು ಮೊಬೈಲ್ ರಿಪೇರಿಗೆ ಕುಳಿತರೆ ಅದರಲ್ಲಿ ನಮ್ಮ ಪಾಲೂ ಇದೆ. ನಂಬಿಗಸ್ತ ರಿಪೇರಿಯವರನ್ನು ನಾವು ಹುಡುಕುವಂತೆ ಅವರೂ ನಂಬಿಗಸ್ತ ಗಿರಾಕಿಯನ್ನು ಹುಡುಕುತ್ತಿದ್ದಾರೆ.

ಆದ್ದರಿಂದ ಹೇಳಿದ ದಿನಕ್ಕೆ ಹೋಗಿ ವಾಚು ಬಿಡಿಸಿಕೊಳ್ಳಿ. ಬಿಚ್ಚಿ, ಕನ್ನಡಿ ಹಿಡಿದು ನೋಡಿ, ‘ಆಗಂಗಿಲ್ರಿ’ ಎಂದು ಮರಳಿಸಿದವರಿಗೂ ಆ ಅರ್ಧ ತಾಸಿನ ಕೂಲಿ ಕೊಟ್ಟು ಬನ್ನಿ. ಆಗದ್ದನ್ನು ಆಗದು ಎಂದು ಹೇಳಿದ್ದಕ್ಕೆ ಹೊಟ್ಟೆ ತುಂಬಿದರೆ ಮಾತ್ರ, ಆಗುವ ಕೆಲಸ ಹಿಡಿದು ನಾವು ಹೋಗುವ ದಿನವೂ ಅವರ ಅಂಗಡಿ ತೆರೆದಿರುತ್ತದೆ.